ನಾನು ಸಮ ಮಾಡಿದ ಒಡ್ಡು

ಆ ವರ್ಷ ನಾನು ತುಂಬ ದಣಿದಿದ್ದೆ. ಅದಕ್ಕೆ ದೊಡ್ಡದೊಂದು ಕಾರಣವೇನೂ ಇರಲಿಲ್ಲ, ಸಣ್ಣ ಸಣ್ಣವು ಹತ್ತಾರು ಇದ್ದವು. ಮನೆ ಸಿಂಗಪುರದ ಉತ್ತರದ ತುದಿಯ ವುಡ್‌ಲ್ಯಾಂಡ್ಸ್‌ನಲ್ಲಿ, ಕೆಲಸ ಪೂರ್ವದ ಉಬಿಯಲ್ಲಿ. ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡು ಹೋಗುವುದು, ಸಂಜೆ ನಿಂತುಕೊಂಡು ಬರುವುದು. ಗಂಡನ ಕೆಲಸ ಸೇತುವೆಯಾಚೆ ಮಲೇಶಿಯಾದ ಜೊಹೋರಿನಲ್ಲಿ. ದಿನವೂ ಪಾಸ್‌ಪೋರ್ಟ್ ತೋರಿಸಿ ಕೆಲಸಕ್ಕೆ ಹೋಗಿ, ಪಾಸ್‌ಪೋರ್ಟ್ ತೋರಿಸಿ ಮನೆಗೆ ಬರುವವರು ಅವರು. ಮಗಳು ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷ. ಮನೆಯಲ್ಲಿ ಅತ್ತೆ. ಎಂಬತ್ತು ದಾಟಿದ ಅವರಿಗೆ ಈಗ ಯಾವ ಹೊತ್ತು, ಇದು ಯಾವ ಊರು ಎಂಬುದು ಆಗಾಗ ಕೈತಪ್ಪಿ ಹೋಗುತ್ತಿತ್ತು.

ನಾನು ನಕ್ಷೆ ಬರೆಯುವವಳು. ಮೈಸೂರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು, ಇಪ್ಪತ್ತು ವರ್ಷದಿಂದ ಒಂದೇ ಆಫೀಸಿನಲ್ಲಿ ಚರಂಡಿ, ಮ್ಯಾನ್‌ಹೋಲು, ಪೈಪುಗಳ ನಕ್ಷೆ ಬರೆದುಕೊಂಡು ಬಂದಿದ್ದೇನೆ. ಆಫೀಸು ಎಂದರೆ ಎಂಟು ಜನ ಕೂರುವ ಒಂದು ಕೋಣೆ. ಕೆಳಗಿನ ಮಹಡಿಯಲ್ಲಿ ಕಾರು ರಿಪೇರಿಯವರು, ಪಕ್ಕದಲ್ಲಿ ಬೋರ್ಡು ಬರೆಯುವವರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಪೇಂಟಿನ ವಾಸನೆ ಏರಿ ಬಂದು ಊಟದ ಡಬ್ಬಿಯ ವಾಸನೆಯೊಂದಿಗೆ ಬೆರೆಯುತ್ತಿತ್ತು.

ಅಂಥ ಆಫೀಸಿಗೆ ಇಂಗ್ಲೆಂಡಿನ ಒಂದು ಕೆಲಸ ಬಂತು. ಅಲ್ಲಿನ ಪೂರ್ವ ಭಾಗದ ಹಳ್ಳಿಗಳ ನಡುವೆ ನೀರಿನ ದೊಡ್ಡ ಪೈಪ್ ಹಾಕುವವರಿದ್ದರು. ಪೈಪ್ ಹಾದುಹೋಗುವ ಹೊಲಗಳನ್ನೆಲ್ಲ ವಿಮಾನದಿಂದ ಲೇಸರ್ ಬಿಟ್ಟು ಅಳೆದಿದ್ದರು. ಆ ಅಳತೆ ಕೋಟಿಗಟ್ಟಲೆ ಚುಕ್ಕೆಗಳಾಗಿ ನಮ್ಮ ಕಂಪ್ಯೂಟರಿಗೆ ಬರುತ್ತಿತ್ತು. ಆ ಚುಕ್ಕೆಗಳಿಂದ ಮರ, ಬೇಲಿ, ಕೊಟ್ಟಿಗೆ ಎಲ್ಲವನ್ನೂ ತೆಗೆದು ಬರಿಯ ನೆಲವನ್ನು ಉಳಿಸಿಕೊಳ್ಳುವುದು, ಆಮೇಲೆ ಆ ನೆಲದ ಏರುತಗ್ಗುಗಳನ್ನು ಗೆರೆಗಳಲ್ಲಿ ಬರೆಯುವುದು ನಮ್ಮ ಕೆಲಸ. ಹಳೆಯ ಕಾಲದ ಕುರುಹು ಏನಾದರೂ ಇದ್ದರೆ ಪೈಪನ್ನು ಅಲ್ಲಿಂದ ದೂರ ಸರಿಸಬೇಕು, ಇಲ್ಲವೇ ಅಗೆಯುವಾಗ ಪುರಾತತ್ವದವರು ಪಕ್ಕದಲ್ಲಿ ನಿಂತಿರಬೇಕು ಎಂದು ಅಲ್ಲಿನ ನಿಯಮ. ನಕ್ಷೆಯಲ್ಲಿ ಏನೂ ಇಲ್ಲದ ಕಡೆ ಯಂತ್ರ ನೇರವಾಗಿ ಅಗೆದುಕೊಂಡು ಹೋಗಬಹುದು.

ಪೈಪಿನ ದಾರಿಯನ್ನೆಲ್ಲ ನಕ್ಷೆಯ ಹಾಳೆಗಳಾಗಿ ಹಂಚಿದ್ದರು, ಹನ್ನೊಂದನೇ ಹಾಳೆ ನನ್ನ ಪಾಲಿಗೆ ಬಂತು. ಮರಗಳನ್ನೆಲ್ಲ ತೆಗೆದು, ಏರುತಗ್ಗುಗಳ ನೆರಳು ಕಾಣಲೆಂದು ಕಂಪ್ಯೂಟರಿನ ಕೃತಕ ಸೂರ್ಯನನ್ನು ವಾಯವ್ಯಕ್ಕೆ ನಿಲ್ಲಿಸಿದಾಗ ಬೂದುಬಣ್ಣದ ಹೊಲದ ನಡುವೆ ಒಂದು ಚೌಕ ಎದ್ದು ಕಂಡಿತು. ಅಂಚು ಸವೆದ ಸಾಬೂನಿನಂಥ ಚೌಕ. ಸುತ್ತ ಅಗಲವಾದ ತಗ್ಗು, ಒಂದು ಕಡೆ ತಗ್ಗನ್ನು ದಾಟಲು ಬಿಟ್ಟ ಮಣ್ಣಿನ ದಾರಿ, ಅದರಾಚೆ ಮೀನು ಸಾಕುತ್ತಿದ್ದ ಎರಡು ಕೊಳಗಳ ಗುಂಡಿ. ಕೆಲಸದ ಜೊತೆ ಬಂದ ಟಿಪ್ಪಣಿಯಲ್ಲಿ ಬರೆದಿತ್ತು: ಸುಮಾರು ಏಳುನೂರು ವರ್ಷದ ಹಿಂದೆ ಇಲ್ಲಿ ಒಬ್ಬ ಸಣ್ಣ ಜಮೀನ್ದಾರನ ಮನೆಯಿತ್ತು, ಸುತ್ತ ನೀರು ತುಂಬಿದ ಕಂದಕವಿತ್ತು, ಅದು ಶತ್ರುಗಳಿಗಿಂತ ಹೆಚ್ಚಾಗಿ ನೆರೆಹೊರೆಯವರು ನೋಡಲಿ ಎಂದು ತೋಡಿಸಿದ್ದು. ಮನೆ ಮರದ್ದಾದ್ದರಿಂದ ಏನೂ ಉಳಿದಿಲ್ಲ. ಈಗ ಅಲ್ಲಿ ಹುಲ್ಲಿದೆ, ಕುರಿ ಮೇಯುತ್ತವೆ.

ಬುಧವಾರ ಮನೆಯಿಂದ ಕೆಲಸ ಮಾಡಲು ನನಗೆ ಅನುಮತಿಯಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾಗ ಅತ್ತೆ ಬಂದು ನನ್ನ ಭುಜದ ಹಿಂದೆ ನಿಂತರು. ಅವರಿಗೆ ಪರದೆಯ ಮೇಲಿನದು ಯಾವುದೂ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ.

"ಅಗಳು ಅಲ್ವೇನೆ ಇದು?" ಎಂದರು.

ಆ ಮಾತನ್ನು ನಾನು ಎಷ್ಟು ವರ್ಷದಿಂದ ಕೇಳಿರಲಿಲ್ಲವೋ. ನಮ್ಮ ಕಡೆ ಹಳೆಯ ಮಣ್ಣಿನ ಕೋಟೆಯ ಸುತ್ತ ತೋಡಿದ ಕಂದಕಕ್ಕೆ ಮುದುಕರು ಹಾಗೆನ್ನುತ್ತಿದ್ದರು. ಅತ್ತೆ ಹುಟ್ಟಿದ ಊರಲ್ಲೂ ಅಂಥದೊಂದು ಇತ್ತಂತೆ. ಕೋಟೆ ಕರಗಿಹೋಗಿ ದಿಣ್ಣೆ ಉಳಿದಿತ್ತು. ಅಗಳಿನಲ್ಲಿ ಊರಿನ ಕಸ, ಮಳೆಗಾಲದಲ್ಲಿ ಎಮ್ಮೆಗಳು.

"ಹೌದು ಅತ್ತೆ. ಆದರೆ ಇದು ಇಂಗ್ಲೆಂಡು."

"ಎಲ್ಲಾದ್ರೂ ಇರ್ಲಿ. ಅಗಳು ಅಗಳೇ," ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ಹೊರಗಡೆ ಒಡ್ಡು ಎಲ್ಲಿ?"

"ಒಡ್ಡು ಇಲ್ಲ ಅತ್ತೆ."

"ಇರತ್ತೆ ನೋಡು. ಅಷ್ಟು ಅಗಲ ತೋಡ್ದೋರು ಮಣ್ಣನ್ನ ಎಲ್ಲಿ ಹಾಕಿರ್ತಾರೆ? ತಲೆ ಮೇಲೆ ಹೊತ್ಕೊಂಡು ಓಡಾಡ್ತಾರಾ?"

ನಾನು ನಕ್ಕೆ. ಅದೇ ಗಳಿಗೆಯಲ್ಲಿ ಅವರು ನನ್ನನ್ನು ತಮ್ಮ ತಂಗಿಯೆಂದು ತಿಳಿದು, ಹಸುವಿಗೆ ಹುಲ್ಲು ಹಾಕಿದೆಯಾ ಎಂದು ಕೇಳಿದರು. ಹಾಕಿದೆ ಎಂದೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಒಬ್ಬ ಚೀನೀ ಹಿರಿಯರು. ಟೋವಾ ಪಾಯೋದಲ್ಲಿ ಮನೆ. ನಿವೃತ್ತಿಯ ವಯಸ್ಸು ಕಳೆದಿದ್ದರೂ ಬಾಸ್ ಅವರನ್ನು ಬಿಟ್ಟಿರಲಿಲ್ಲ. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ, ಇಲ್ಲಿಯವರೆಲ್ಲರ ಹಾಗೆ ಕೊನೆಗೊಂದು 'ಲಾ' ಸೇರಿಸಿ, ಆದರೆ ಅವರ ಮಾತುಗಳೆಲ್ಲ ನನ್ನ ತಲೆಯೊಳಗೆ ಕನ್ನಡದಲ್ಲೇ ಉಳಿದಿವೆ, ಹಾಗಾಗಿ ಹಾಗೆಯೇ ಬರೆಯುತ್ತೇನೆ. ಈ ಕೆಲಸ ಶುರುವಾದ ಮೊದಲ ವಾರವೇ ಅವರು ಎಲ್ಲರ ಪರದೆಯ ಅಂಚಿಗೂ ಒಂದು ಚೀಟಿ ಅಂಟಿಸಿದ್ದರು: ಬೆಳಕನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡು.

"ಯಾಕೆ ಅಂದ್ರೆ," ಎಂದು ಅವರು ಸ್ಕೇಲನ್ನು ಮೇಜಿನ ದೀಪದ ಕೆಳಗೆ ಹಿಡಿದು ತೋರಿಸಿದ್ದರು, "ಬೆಳಕಿಗೆ ಅಡ್ಡ ಮಲಗಿದ್ದು ನೆರಳು ಕೊಡುತ್ತೆ. ಬೆಳಕು ಬರೋ ಕಡೆಗೇ ಕಾಲು ಚಾಚಿ ಮಲಗಿದ್ದು ನೆರಳೇ ಕೊಡಲ್ಲ. ಅಂಥದು ಎದುರಿಗೇ ಇದ್ರೂ ಕಾಣಲ್ಲ."

ಪ್ರತಿ ಹಾಳೆಯ ಜೊತೆ ಒಂದು ಪಟ್ಟಿ ಹೋಗುತ್ತಿತ್ತು. ಅದರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಚೌಕ. ತಿರುಗಿಸಿ ನೋಡಿದ ಮೇಲೆ ಒಂದೊಂದಕ್ಕೂ ಗುರುತು ಹಾಕಿ ನಮ್ಮ ಸಹಿ ಮಾಡಬೇಕು.

ಹನ್ನೊಂದನೇ ಹಾಳೆ ಹೋಗಬೇಕಾಗಿದ್ದ ದಿನ ಮಧ್ಯಾಹ್ನ ಮೂರು ಗಂಟೆಗೆ ನನ್ನ ಕೈಯಲ್ಲಿ ಒಂದೇ ಒಂದು ತುಂಡು ಉಳಿದಿತ್ತು. ಕಂದಕದ ಪಶ್ಚಿಮಕ್ಕೆ, ಪೈಪ್ ಹಾದುಹೋಗುವ ಕಡೆ, ವಾಯವ್ಯದಿಂದ ಆಗ್ನೇಯಕ್ಕೆ ಒಂದು ಹಳೆಯ ಬೇಲಿಸಾಲು. ಗಿಡಗಳ ಚುಕ್ಕೆ ತೆಗೆದ ಮೇಲೂ ಅಲ್ಲಿ ನೆಲ ಒರಟೊರಟಾಗಿ ಕಾಣುತ್ತಿತ್ತು. ಅದು ಬೇಲಿಯ ಬುಡದ ಕಸವೋ, ನೆಲವೇ ಹಾಗಿದೆಯೋ ಎಂದು ನೋಡಬೇಕಿತ್ತು. ಬೆಳಕು ವಾಯವ್ಯದಲ್ಲೇ ಇತ್ತು. ಉಳಿದ ಮೂರು ಕಡೆಗೆ ತಿರುಗಿಸಬೇಕು ಎಂದುಕೊಳ್ಳುವಷ್ಟರಲ್ಲಿ ಮಗಳ ಫೋನ್ ಬಂತು.

"ಅಮ್ಮ, ಅಜ್ಜಿ ಮನೇಲಿಲ್ಲ. ನಾನು ಕ್ಲಾಸ್ ಮುಗ್ಸಿ ಬಂದೆ, ಡೋರ್ ಓಪನ್ ಇತ್ತು. ಬ್ಲಾಕ್ ಕೆಳಗಿನ ವಾಯ್ಡ್ ಡೆಕ್‌ನಲ್ಲೂ ನೋಡ್ದೆ, ಇಲ್ಲ ಲಾ."

"ಪೊಲೀಸಿಗೆ ಫೋನ್ ಮಾಡು. ಬರ್ತಿದೀನಿ," ಎಂದೆ.

ಎದ್ದು ನಿಂತುಕೊಂಡೇ ಆ ಬೇಲಿಸಾಲಿನ ಸುತ್ತ ಗೆರೆ ಎಳೆದು, ಒಳಗಿನದನ್ನೆಲ್ಲ ಸಮ ಮಾಡು ಎಂಬ ಗುಂಡಿ ಒತ್ತಿದೆ. ಒರಟು ಹೋಗಿ ಇಸ್ತ್ರಿ ಹಾಕಿದಂತಾಯಿತು. ಪಟ್ಟಿಯ ನಾಲ್ಕೂ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ಹಾಳೆಯನ್ನು ಕಳುಹಿಸಿ ಹೊರಬಿದ್ದೆ. ಮಾಡಿದ್ದು ಸುಳ್ಳು ಎಂದು ಆಗಲೇ ಗೊತ್ತಿತ್ತು. ನಾಳೆ ಬಂದು ನೋಡಿದರಾಯಿತು ಎಂದುಕೊಂಡೆ. ಅಂಥ ನಾಳೆಗಳು ಆ ವರ್ಷ ಬಹಳ ಇದ್ದವು, ಯಾವುದೂ ಬಂದಿರಲಿಲ್ಲ.

ಅತ್ತೆ ಸಿಕ್ಕಿದ್ದು ವುಡ್‌ಲ್ಯಾಂಡ್ಸ್ ಬಸ್ ನಿಲ್ದಾಣದಲ್ಲಿ, ಜೊಹೋರಿಗೆ ಹೋಗುವ ಬಸ್ಸಿನ ಸಾಲಿನಲ್ಲಿ. ಒಳ್ಳೆಯ ಸೀರೆ ಉಟ್ಟು, ಮಗಳ ಕಾಲೇಜು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಮುಂದಿನವರ ಹಿಂದೆ ಶಿಸ್ತಾಗಿ ನಿಂತಿದ್ದರು. ನಾನು ಓಡಿ ಬಂದ ರಭಸಕ್ಕೆ ಸಾಲಿನವರೆಲ್ಲ ತಿರುಗಿ ನೋಡಿದರು.

"ಬಂದ್ಯಾ? ಜಾಗ ಹಿಡ್ದಿದೀನಿ ನಿಂಗೂ," ಎಂದರು ಅತ್ತೆ. "ಮೈಸೂರಿಗೆ ಇದೇ ಲಾಸ್ಟ್ ಬಸ್ಸಂತೆ."

ಮಗಳು ಅವರ ಕೈ ಹಿಡಿದುಕೊಂಡು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತೆ. ಕಾಲು ಎತ್ತಿಡಲು ಆಗದಷ್ಟು ಭಾರವಾಗಿತ್ತು. ಎರಡು ಬಸ್ಸು ಬಂದು ಹೋಗುವ ತನಕ ಕೂತೇ ಇದ್ದೆ. ಅತ್ತೆ ಪ್ರತಿ ಬಸ್ಸಿಗೂ ನನ್ನನ್ನು ಎಬ್ಬಿಸಲು ನೋಡಿದರು.

ಆಮೇಲಿನ ಮೂರು ವಾರ ಬಾಗಿಲಿಗೆ ಹೊಸ ಬೀಗ ಹಾಕಿಸುವುದು, ಡಾಕ್ಟರು, ಹಗಲು ಹೊತ್ತು ವೃದ್ಧರನ್ನು ನೋಡಿಕೊಳ್ಳುವ ಕೇಂದ್ರದ ಅರ್ಜಿಗಳು, ಇವುಗಳಲ್ಲೇ ಕಳೆದವು. ಹನ್ನೊಂದನೇ ಹಾಳೆ ಮರೆತೇ ಹೋಯಿತು ಎಂದು ಬರೆಯಬಹುದಿತ್ತು, ಆದರೆ ಅದು ನಿಜವಲ್ಲ. ಎಂಆರ್‌ಟಿಯಲ್ಲಿ ನಿಂತಾಗ ಒಮ್ಮೊಮ್ಮೆ ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆಮೇಲೆ ಹನ್ನೆರಡನೇ ಹಾಳೆ ಬಂತು. ಹನ್ನೊಂದರ ಉತ್ತರಕ್ಕೆ ಅಂಟಿಕೊಂಡ ಹೊಲಗಳು. ಅಲ್ಲಿ ಬೇಲಿ ಇರಲಿಲ್ಲ, ಬರೀ ಹುಲ್ಲುಗಾವಲು. ಈ ಸಲ ನಿಯಮದಂತೆ ಬೆಳಕನ್ನು ತಿರುಗಿಸಿದೆ. ಈಶಾನ್ಯಕ್ಕೆ ಇಟ್ಟಾಗ ಮೊಣಕಾಲಿಗಿಂತ ತಗ್ಗಾದ ಒಂದು ಒಡ್ಡು ಕಂಡಿತು. ಪೂರ್ವದಿಂದ ನೇರವಾಗಿ ಬಂದು, ಮೂಲೆಯಲ್ಲಿ ನಯವಾಗಿ ಬಾಗಿ, ಆಗ್ನೇಯಕ್ಕೆ ಇಳಿದು, ಹಾಳೆಯ ಅಂಚಿನವರೆಗೂ ಬಂದಿತ್ತು. ಅದರ ಕೆಳಗೆ ಹನ್ನೊಂದನೇ ಹಾಳೆಯನ್ನು ಜೋಡಿಸಿದೆ. ಒಡ್ಡು ಅಂಚಿನಲ್ಲಿ ನಿಂತುಬಿಟ್ಟಿತು. ಅದರಾಚೆ ನನ್ನ ಇಸ್ತ್ರಿ ಹಾಕಿದ ನೆಲ.

ಭೂಮಿಯ ಮೇಲೆ ಯಾವುದೂ ಸ್ಕೇಲಿಟ್ಟು ಕತ್ತರಿಸಿದಂತೆ ನಿಲ್ಲುವುದಿಲ್ಲ. ಮೂಲ ಚುಕ್ಕೆಗಳನ್ನು ಮತ್ತೆ ತೆಗೆದು, ನಾನು ಒತ್ತಿದ ಗುಂಡಿಯನ್ನು ರದ್ದು ಮಾಡಿ, ಬೆಳಕನ್ನು ಈಶಾನ್ಯಕ್ಕೆ ಇಟ್ಟೆ. ಬೇಲಿಸಾಲಿನ ಉದ್ದಕ್ಕೂ ಒಡ್ಡು ಮಲಗಿತ್ತು, ವಾಯವ್ಯದ ಬೆಳಕಿನ ಕಡೆಗೇ ಕಾಲು ಚಾಚಿಕೊಂಡು. ಕಂದಕದ ಹೊರಗೆ ಇನ್ನೊಂದು ದೊಡ್ಡ ಅಂಗಳವನ್ನು ಸುತ್ತುವರಿದ ಒಡ್ಡು ಅದು. ಬೇಲಿ ಅಲ್ಲಿ ಬೆಳೆದದ್ದೇ ಒಡ್ಡಿನ ಮೇಲೆ. ಪೈಪಿನ ಕೆಂಪು ಗೆರೆ ಅದನ್ನು ಅಡ್ಡ ದಾಟಿ ಹೋಗಿತ್ತು.

"ಅಂಕಲ್, ಸ್ವಲ್ಪ ಬರ್ತೀರಾ?" ಎಂದೆ.

ಅವರು ಬಂದು ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಒಂದು ಹಾಳೆ, ಆಮೇಲೆ ಇನ್ನೊಂದು. ಪಟ್ಟಿಯನ್ನೂ ತೆಗೆದು ನೋಡಿದರು, ನಾಲ್ಕು ಗುರುತು, ನನ್ನ ಸಹಿ.

"ತಿರುಗಿಸಿರಲಿಲ್ಲ, ಅಲ್ವಾ?"

"ಇಲ್ಲ."

ಬೈಯಲಿಲ್ಲ. "ಬಾ, ಕಾಫಿ ಕುಡಿಯೋಣ," ಎಂದರು.

ಕೆಳಗಿನ ಕಾಫಿ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತೆವು. ಅವರು ಚಮಚದಲ್ಲಿ ಎದುರಿನ ಪಾರ್ಕಿಂಗ್ ಕಡೆ ತೋರಿಸಿದರು.

"ನಾನು ಹುಟ್ಟಿದ್ದು ಇಲ್ಲೇ. ಉಬಿ ಅಂದ್ರೆ ಮಲಯದಲ್ಲಿ ಗೆಡ್ಡೆಗೆಣಸು, ಗೊತ್ತಾ? ಆಗ ಇದು ಹಳ್ಳಿ. ನಮ್ಮಜ್ಜಿ ಬಾತುಕೋಳಿ ಸಾಕ್ತಿದ್ಲು. ಮನೆ ಹಿಂದೆ ಒಂದು ಕೊಳ. ಅವಳೇ ಗುದ್ದಲಿ ಹಿಡಿದು ತೋಡಿದ್ದು. ಹಳ್ಳಿ ತೆಗೆದು ಕಾರ್ಖಾನೆ ಜಾಗ ಮಾಡೋಕೆ ಮುಂಚೆ ಸರ್ವೆ ಆಯ್ತು. ನಾನು ಆಗ ತಾನೇ ನಕ್ಷೆ ನಕಲು ಮಾಡೋ ಟ್ರೇಸರ್ ಆಗಿ ಸೇರಿದ್ದೆ. ನಮ್ಮ ಹಳ್ಳಿ ಹಾಳೆ ನನ್ನ ಟೇಬಲ್‌ಗೇ ಬಂತು."

"ಆಮೇಲೆ?"

"ಸಣ್ಣ ಪುಟ್ಟ ಕೊಳ ಎಲ್ಲ ಬಿಡು, ಹೇಗೂ ಮುಚ್ಚೋದೇ ಅಂದ ಮೇಲಿನವನು. ಬಿಟ್ಟೆ. ಇಂಕು ಉಳೀತು ಅಂದ್ಕೊಂಡೆ. ನಗ್ತಾನೇ ಬಿಟ್ಟೆ." ಅವರು ಕಾಫಿಯನ್ನು ಕಲಕಿದರು, ಸಕ್ಕರೆ ಎಂದೋ ಕರಗಿತ್ತು. "ಅಜ್ಜಿ ಸಾಯೋ ಕಾಲಕ್ಕೆ ಕೇಳಿದ್ಲು, ಕೊಳ ಈಗ ಎಲ್ಲಿದೆ, ಯಾವ ಬಿಲ್ಡಿಂಗ್ ಕೆಳಗೆ ಅಂತ. ಆ ಹಳೇ ಹಾಳೆ ತೆಗೆಸಿ ನೋಡ್ದೆ. ಮನೆಗಳಿವೆ, ದಾರಿ ಇದೆ, ಬಾವಿ ಇದೆ. ಕೊಳ ಇಲ್ಲ. ನಾನೇ ತಾನೇ ಬಿಟ್ಟಿದ್ದು. ನಲವತ್ತು ವರ್ಷದಿಂದ ಇದೇ ಏರಿಯಾದಲ್ಲಿ ಕೆಲಸ ಮಾಡ್ತಿದೀನಿ, ಈಗಲೂ ಎಲ್ಲಿ ಅಂತ ಹೇಳೋಕೆ ಬರಲ್ಲ."

ನಾನು ಆ ಪಾರ್ಕಿಂಗ್ ಕಡೆ ನೋಡಿದೆ.

"ಬರೆಯದೆ ಬಿಟ್ಟಿದ್ದನ್ನ ಯಾರೂ ಬಂದು ಕೇಳಲ್ಲ ಲಾ. ಅದಕ್ಕೇ ಬರೆಯೋನಿಗೆ ಅದು ಬಿಡಲ್ಲ," ಎಂದರು. "ಹೋಗಿ ಹೇಳು ಬಾಸ್‌ಗೆ. ನಾನೂ ಬರ್ತೀನಿ."

ಬಾಸ್ ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಕಣ್ಣ ಕೆಳಗೂ ಕಪ್ಪು. ನಾನು ನಡೆದದ್ದನ್ನೆಲ್ಲ ಹೇಳಿದೆ, ಅತ್ತೆಯ ವಿಷಯ ಬಿಟ್ಟು. ಅದನ್ನು ಅಂಕಲ್ ಹೇಳಿದರು. ಅವರಿಗೆ ಹೇಗೆ ಗೊತ್ತಾಯಿತೋ. ಬಾಸ್ ಬಹಳ ಹೊತ್ತು ಹಣೆ ತಿಕ್ಕಿಕೊಂಡ.

"ಹನ್ನೆರಡರ ಜೊತೆ ಹನ್ನೊಂದನ್ನೂ ಪರಿಷ್ಕರಿಸಿದ್ದು ಅಂತ ಕಳಿಸಿಬಿಡಬಹುದು," ಎಂದ. "ಕಾರಣ ಹೇಳೋ ಅಗತ್ಯ ಇಲ್ಲ."

"ಪಟ್ಟಿಯಲ್ಲಿ ನಾನು ಸುಳ್ಳು ಸಹಿ ಮಾಡಿದೀನಿ. ಅದನ್ನ ಹೇಳದೆ ಇದ್ರೆ ಆ ಜಾಗವನ್ನ ನಾನು ನಾಲ್ಕೂ ಕಡೆಯಿಂದ ನೋಡಿದ್ದೆ ಅಂತಲೇ ಅವರು ತಿಳ್ಕೋತಾರೆ," ಎಂದೆ. ಅಷ್ಟು ಹೇಳಲು ನನಗೆ ಧೈರ್ಯ ಬಂದದ್ದಲ್ಲ. ಇನ್ನೊಂದು ಸುಳ್ಳನ್ನು ಹೊತ್ತು ತಿರುಗುವ ಶಕ್ತಿ ಇರಲಿಲ್ಲ, ಅಷ್ಟೆ.

ಅವನು ಗೋಡೆಯ ಗಡಿಯಾರ ನೋಡಿದ. ಇಂಗ್ಲೆಂಡಿನಲ್ಲಿ ಆಗ ಬೆಳಗಾಗುತ್ತಿತ್ತು. "ನೀವೇ ಮೇಲ್ ಬರೀರಿ. ಕೆಳಗೆ ನಾನೂ ಸಹಿ ಹಾಕ್ತೀನಿ," ಎಂದ.

ಒಂದು ಗಂಟೆಯೊಳಗೆ ಫೋನ್ ಬಂತು. ಪೈಪಿನ ಕೆಲಸದ ಜೊತೆಗಿದ್ದ ಪುರಾತತ್ವದವಳು, ವಯಸ್ಸಾದ ಹೆಂಗಸಿನ ದನಿ. ಕಾರಿನಲ್ಲಿ ಕೂತು ಮಾತಾಡುತ್ತಿದ್ದಳು. ಕಾರಿನ ಮೇಲೆ ಮಳೆ ಬೀಳುವುದು ಇಲ್ಲಿಗೆ ಕೇಳುತ್ತಿತ್ತು.

"ಮೇಲ್ ಓದಿದೆ," ಎಂದಳು. "ಆ ಬೇಲಿಯ ಹತ್ತಿರ ಕಳೆದ ವಾರ ಅಗೆದಾಯಿತು. ನಕ್ಷೆಯಲ್ಲಿ ಏನೂ ಇರಲಿಲ್ಲವಲ್ಲ, ನಾನು ಆ ದಿನ ಇನ್ನೊಂದು ಹೊಲದಲ್ಲಿದ್ದೆ."

"ಒಡ್ಡು ಹೋಯಿತಾ?"

"ಪೂರ್ತಿ ಅಲ್ಲ. ಯಂತ್ರದ ಅಗಲದಷ್ಟು ಕತ್ತರಿಸಿದೆ. ಉಳಿದದ್ದು ಎರಡೂ ಕಡೆ ಇದೆ." ಕಾಗದ ಮಗುಚಿದ ಸದ್ದು ಕೇಳಿತು. "ಪೈಪ್ ಇನ್ನೂ ಇಳಿಸಿಲ್ಲ. ನನಗೆ ಎರಡು ದಿನ ಸಿಗಬಹುದು. ಪೈಪಿಗೆ ತೋಡಿದ ಕಾಲುವೆಯ ಗೋಡೆ ಕೆರೆದು ನೋಡುತ್ತೇನೆ. ಇನ್ನೂ ಒಂದು ವಾರ ಬಿಟ್ಟು ಹೇಳಿದ್ದರೆ ಅದೂ ಇರುತ್ತಿರಲಿಲ್ಲ."

ಅವಳು ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತೇನೋ. ಅವಳ ದನಿಯಲ್ಲಿ ಇದ್ದದ್ದು ನನ್ನದರಂಥದೇ ದಣಿವು. ಕ್ಷಮಿಸಿ ಎಂದೆ. "ಹಾಂ," ಎಂದಳು, ಫೋನ್ ಇಟ್ಟಳು.

ಎರಡು ದಿನದ ನಂತರ, ಬುಧವಾರ, ಅವಳು ಕೆಲವು ಫೋಟೋ ಕಳುಹಿಸಿದಳು. ಕಾಲುವೆಯ ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದಿದ್ದಳು. ಮೇಲೆ ಹುಲ್ಲಿನ ಬೇರು, ಕೆಳಗೆ ಹಳದಿ ಜೇಡಿಮಣ್ಣಿನ ದಪ್ಪ ಗುಪ್ಪೆ, ಅದರ ಕೆಳಗೆ ಬೆರಳಷ್ಟು ದಪ್ಪದ ಕಪ್ಪು ಗೆರೆ. ಜೊತೆಗೆ ನಾಲ್ಕು ಸಾಲು ಬರೆದಿದ್ದಳು. ಹಳದಿ ಮಣ್ಣು ಕಂದಕ ತೋಡಿದಾಗ ಬಂದದ್ದು, ಅದನ್ನು ತಂದು ಇಲ್ಲಿ ಒಡ್ಡು ಹಾಕಿದ್ದಾರೆ. ದನಕರು ಕಟ್ಟುವ ಹೊರ ಅಂಗಳಕ್ಕೆ ಇರಬೇಕು. ಕಪ್ಪು ಗೆರೆ ಹುಲ್ಲು. ಅವರು ಮೊದಲ ಬುಟ್ಟಿ ಮಣ್ಣು ಸುರಿದ ದಿನ ಅಲ್ಲಿ ಬೆಳೆದಿದ್ದ ಹುಲ್ಲು, ಹಾಗೆಯೇ ಮುಚ್ಚಿಹೋಗಿದ್ದು.

ಆ ಕಪ್ಪು ಗೆರೆಯನ್ನು ನಾನು ಬಹಳ ಹೊತ್ತು ನೋಡಿದೆ. ಅತ್ತೆ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಕೈಗಳಿಗೆ ಆ ಕೆಲಸ ಇನ್ನೂ ಮರೆತಿರಲಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಅತ್ತೆ, ನೀವು ಹೇಳಿದ ಒಡ್ಡು."

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನಾನೇನು ಹೇಳ್ದೆ?"

"ಅಗಳು ತೋಡಿದ ಮಣ್ಣು ಎಲ್ಲಿ ಹಾಕಿರ್ತಾರೆ ಅಂತ ಕೇಳಿದ್ರಲ್ಲ."

"ಹೌದಾ?" ಅವರಿಗೆ ನೆನಪಿರಲಿಲ್ಲ. ಆದರೂ ಫೋಟೋದ ಮೇಲೆ ಬೆರಳಿಟ್ಟು, "ಒಳ್ಳೆ ಮಣ್ಣು. ಗೋಡೆಗೆ ಆಗತ್ತೆ," ಎಂದರು. "ಯಾರು ಕಡಿದಿದ್ದು ಹೀಗೆ?"

"ನಾನೇ ಅತ್ತೆ."

"ನೀನ್ಯಾಕೆ ಕಡೀತೀಯ? ನಿಂಗೆ ಗುದ್ದಲಿ ಹಿಡಿಯಕ್ಕೇ ಬರಲ್ಲ," ಎಂದು ಅವರು ಮತ್ತೆ ಹುರುಳಿಕಾಯಿಗೆ ತಿರುಗಿದರು.

ಹನ್ನೊಂದನೇ ಹಾಳೆಯನ್ನು ಮತ್ತೆ ಬರೆದೆ. ಒಡ್ಡಿನ ಇಳಿಜಾರಿಗೆ ನಾವು ಹಾಕುವುದು ಗೊದಮೊಟ್ಟೆಯಂಥ ಸಣ್ಣ ಗೆರೆಗಳು, ತಲೆ ಮೇಲೆ, ಬಾಲ ಕೆಳಗೆ. ಉತ್ತರದ ಅಂಚಿನಿಂದ ಶುರುಮಾಡಿ ಬೇಲಿಯ ಉದ್ದಕ್ಕೂ ಒಂದೊಂದಾಗಿ ಹಾಕುತ್ತ ಬಂದೆ. ಪೈಪಿನ ಗೆರೆಯ ಹತ್ತಿರ ಕೈ ನಿಂತಿತು. ಲೇಸರ್ ಅಳೆದ ದಿನ ಅಲ್ಲಿ ಒಡ್ಡು ಇತ್ತು, ಈಗ ಇಲ್ಲ. ಯಾವುದನ್ನು ಬರೆಯುವುದು? ಅಂಕಲನ್ನು ಕೇಳಿದೆ.

"ಎರಡೂ ಬರಿ," ಎಂದರು. "ಇದ್ದದ್ದನ್ನ ಚುಕ್ಕೆಗೆರೆಯಲ್ಲಿ, ಕಡಿದದ್ದನ್ನ ಪೂರ್ತಿ ಗೆರೆಯಲ್ಲಿ."

ಹಾಗೆಯೇ ಬರೆದೆ. ಅಷ್ಟು ಚಿಕ್ಕ ಜಾಗ, ಉಗುರಿನಷ್ಟೂ ಇಲ್ಲ. ಅದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಸಹಿ ಹಾಕಿದ ಹಾಳೆಗಳನ್ನೆಲ್ಲ ಮತ್ತೆ ನೋಡಿ ಕೊಡಬೇಕು ಎಂದು ಇಂಗ್ಲೆಂಡಿನಿಂದ ಕೇಳಿದರು. ನ್ಯಾಯವಾದ ಮಾತು. ನಾನು ಕೇಳದೆಯೇ ಅಂಕಲ್ ಅರ್ಧವನ್ನು ತಮ್ಮ ಮೇಜಿಗೆ ಎಳೆದುಕೊಂಡರು. ಆರು ವಾರ ನಾವಿಬ್ಬರೂ ಬೇರೆ ಕೆಲಸದ ಜೊತೆಗೇ ಅದನ್ನೂ ಮಾಡಿದೆವು. ಒಂದು ಹಾಳೆ, ನಾಲ್ಕು ಬೆಳಕು; ಮತ್ತೊಂದು ಹಾಳೆ, ನಾಲ್ಕು ಬೆಳಕು. ನೇಗಿಲ ಸಾಲುಗಳು, ಸವೆದ ಗಾಡಿದಾರಿಗಳು, ಕುರಿದೊಡ್ಡಿಯ ಗುರುತುಗಳು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬೂದುಬಣ್ಣದ ಹೊಲಗಳು ಹಾದುಹೋಗುತ್ತಿದ್ದವು. ಬೇರೆ ದೊಡ್ಡ ತಪ್ಪು ಸಿಗಲಿಲ್ಲ. ಒಂದು ಕಡೆ ಸಣ್ಣ ಗುಂಡಿಯೊಂದನ್ನು ಬಿಟ್ಟಿದ್ದೆ. ಅದು ಪೈಪಿನಿಂದ ದೂರವಿತ್ತು. ಅದನ್ನೂ ಬರೆದೆ.

ಈ ನಡುವೆ ಅತ್ತೆಗೆ ಹಗಲಿನ ಕೇಂದ್ರದಲ್ಲಿ ಜಾಗ ಸಿಕ್ಕಿತು. ಮೊದಲ ದಿನ ಬಿಟ್ಟು ಬರುವಾಗ ಅವರು ನನ್ನ ಸೆರಗನ್ನು ಹಿಡಿಯುತ್ತಾರೆ ಎಂದು ಹೆದರಿ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ. ಅವರು ಹಿಡಿಯಲಿಲ್ಲ. ಅಲ್ಲಿದ್ದ ತಮಿಳು ಆಂಟಿಯೊಬ್ಬರ ಪಕ್ಕದಲ್ಲಿ ಕೂತು, ಎಲ್ಲಿಯವರು ನೀವು ಎಂದು ಕನ್ನಡದಲ್ಲಿ ವಿಚಾರಿಸತೊಡಗಿದರು. ಆಕೆ ತಮಿಳಿನಲ್ಲಿ ಉತ್ತರ ಕೊಟ್ಟರು. ಇಬ್ಬರಿಗೂ ತೊಂದರೆಯಾದಂತೆ ಕಾಣಲಿಲ್ಲ. ನಾನು ಹೊರಗೆ ಬಂದು ಕಾರಿಡಾರಿನ ಕಂಬಕ್ಕೆ ಒರಗಿ ನಿಂತೆ, ಬಸ್ ನಿಲ್ದಾಣದಲ್ಲಿ ಬಾರದಿದ್ದ ಅಳು ಅಲ್ಲಿ ಬಂತು.

ಕೆಲವು ತಿಂಗಳ ಮೇಲೆ ಇಂಗ್ಲೆಂಡಿನಿಂದ ವರದಿ ಬಂತು. ನನ್ನ ನಕ್ಷೆಗೆ ಒಂದು ಇಡೀ ಪುಟ ಕೊಟ್ಟಿದ್ದರು. ಕೆಳಗೆ, ಹೊರ ಅಂಗಳದ ಒಡ್ಡು, ಪೈಪಿನ ಕಾಲುವೆಯಿಂದ ಕತ್ತರಿಸಲ್ಪಟ್ಟಿದೆ, ಎಂದು ಒಂದು ಸಾಲು. ಯಾಕೆ, ಯಾರಿಂದ ಎಂದು ಬರೆದಿರಲಿಲ್ಲ. ಜೊತೆಗೆ ಆ ಹೆಂಗಸು ಒಂದು ಚೀಟಿ ಇಟ್ಟಿದ್ದಳು: ಕಾಲುವೆ ಮುಚ್ಚಿ ಹುಲ್ಲು ಬಿತ್ತಿದ್ದಾರೆ, ಚೆನ್ನಾಗಿ ಬಂದಿದೆ, ನಿಮ್ಮ ನಕ್ಷೆ ಇಲ್ಲದಿದ್ದರೆ ಆ ಅಂಗಳ ಇತ್ತೆಂದೇ ನಮಗೆ ತಿಳಿಯುತ್ತಿರಲಿಲ್ಲ, ಎಂದಾದರೂ ಈ ಕಡೆ ಬಂದರೆ ಹೇಳಿ, ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅದು ಅವಳ ಒಳ್ಳೆಯತನ. ಓದಿ ನನಗೆ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಅಂಥದೇ ಇನ್ನೊಂದು ಕೆಲಸ ಬರುವುದಿದೆ, ತೆಗೆದುಕೊಳ್ಳುತ್ತೀರಾ ಎಂದು ಬಾಸ್ ಕೇಳಿದ. ಸ್ವಲ್ಪ ದಿನ ಮ್ಯಾನ್‌ಹೋಲುಗಳನ್ನೇ ಕೊಡಿ ಎಂದೆ. ಅವನು ತಲೆಯಾಡಿಸಿದ.

ಆ ಶನಿವಾರ ಬೆಳಿಗ್ಗೆ ಮಗಳಿಗೆ ವರದಿಯ ಪುಟ ತೋರಿಸಿದೆ. ಅವಳು ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಚೀಟಿಯನ್ನೂ ಓದಿದಳು.

"ಹೋಗ್ತೀಯಾ ಅಮ್ಮ? ಡಿಸೆಂಬರ್‌ನಲ್ಲಿ ನಂಗೆ ರಜ. ಟಿಕೆಟ್ ಬುಕ್ ಮಾಡ್ಲಾ?"

"ಅಲ್ಲಿ ನೋಡೋಕೆ ಏನಿದೆ? ಹುಲ್ಲು, ಕುರಿ."

"ಆ ಒಡ್ಡು?"

"ಅದು ನಿಂತು ನೋಡಿದ್ರೆ ಕಾಣಲ್ಲ ಕಣೆ. ಸಂಜೆ ಬಿಸಿಲು ತಗ್ಗಾದಾಗ ಕಾಣಬಹುದು, ಅದೂ ಸರಿಯಾದ ಕಡೆ ನಿಂತಿದ್ರೆ."

ಅವಳು ನನ್ನ ಮುಖ ನೋಡಿದಳು. "ನೀನು ಮೊದ್ಲು ನಿದ್ದೆ ಮಾಡು ಲಾ," ಎಂದು ಕಿಟಕಿಯ ಪರದೆ ಎಳೆದು, ಬಾಗಿಲು ಮುಂದೆ ಮಾಡಿಕೊಂಡು, ಅಜ್ಜಿಗೆ ತಿಂಡಿ ಕೊಡಲು ಹೋದಳು. ಅಡುಗೆಮನೆಯಲ್ಲಿ ತಟ್ಟೆಯ ಸದ್ದು, ಅತ್ತೆ ಏನೋ ಕೇಳಿದ್ದು, ಮಗಳು ಏನೋ ಹೇಳಿದ್ದು ಕೇಳಿಸಿತು. ಎದ್ದು ಹೋಗಬೇಕು ಎಂದುಕೊಂಡೆ. ಹೋಗಲಿಲ್ಲ. ಮಧ್ಯಾಹ್ನ ಎರಡರವರೆಗೆ ನನಗೆ ಎಚ್ಚರವಾಗಲಿಲ್ಲ.